ಬಿಕೋ ಅನ್ನುವ ಮಾತು

ಹೂಗ್ಯಂ
14–6–1959

ಚಿರಂಜೀವಿ ಸೌಭಾಗ್ಯವತಿ ಸುವರ್ಣಮ್ಮನಿಗೆ ಅಕ್ಕ ದೊಡ್ಡಬಸಮ್ಮನು ಮಾಡುವ ಆಶೀರ್ವಾದಗಳು.

ಇತ್ತ ಸರ್ವರೂ ಕ್ಷೇಮ. ಮಾದಪ್ಪಸ್ವಾಮಿಯ ಕೃಪೆಯಿಂದ ನೀವು ಉಭಯತರೂ ಕ್ಷೇಮವೆಂದು ಭಾವಿಸಿರುವೆನು. ಕಳೆದ ತಿಂಗಳು ಕೊಳ್ಳೇಗಾಲದಲ್ಲಿ ಜರುಗಿದ ನಿನ್ನ ವಿವಾಹಕ್ಕೆ ಕಾರಣಾಂತರಗಳಿಂದ ಆಗಮಿಸಲಾಗಲಿಲ್ಲ. ಅನ್ಯಥಾ ಭಾವಿಸತಕ್ಕದ್ದಲ್ಲ.

ನಿನ್ನ ನಿರ್ಗಮನಾನಂತರ ಗೃಹದಲ್ಲಿ ಏಕಾಂತವು ಲಭಿಸಿರುವುದು. ನನ್ನ ಬಗ್ಗೆ ಚಿಂತಿಸುವ ಅಗತ್ಯವಿಲ್ಲ. ಮಳೆ ಹದವಾಗಿದೆ. ಹಸು ಈದಿದೆ.

ನಿನ್ನ ಯಜಮಾನರಾದ ದೇವಣ್ಣನವರಿಗೆ ನನ್ನ ವಂದನೆಗಳನ್ನು ತಿಳಿಸುವುದು.

ಇಂತು,
ದೊಡ್ಡಬಸಮ್ಮ
(ಬರೆದವರು: ಸದಾಶಿವಪ್ಪ, ಉಪಾಧ್ಯಾಯರು, ಹೂಗ್ಯಂ)


ಯಳಂದೂರು
2–7–1959

ಅಕ್ಕಯ್ಯನಿಗೆ ಸುವರ್ಣಳ ನಮಸ್ಕಾರ.

ನಿನ್ನ ಕಾಗದ ಬಂತು. ಪಾಠ ಮುಗಿಸಿ ಸ್ಕೂಲಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಓದಿದೆ. ಅರ್ಥವಾಗಲಿಲ್ಲವೇನೋ ಎಂದು ಮತ್ತೆ ಓದಿದೆ. ಚೆನ್ನಾಗಿಯೇ ಅರ್ಥವಾಯಿತು.

ಮದುವೆಯ ದಿನ ಇವರ ಮಗ್ಗದ ಮನೆಯ ಆ ಸಣ್ಣ ಪಡಸಾಲೆಯಲ್ಲಿ ಕೂತು, ಹೊರಗೆ ಗಾಡಿ ನಿಂತ ಸದ್ದಾದಾಗಲೆಲ್ಲ ತಲೆ ಎತ್ತಿದೆ. ನೇಯ್ಗೆಯವರ ಮನೆಗೆ ಹೆಣ್ಣು ಹೋಯಿತೆಂದು ಚಿಕ್ಕಪ್ಪ ಪುಟ್ಟಮಾದಪ್ಪ ಉರಿದುಕೊಂಡದ್ದು ನನಗೆ ಗೊತ್ತಿತ್ತು. ಅವರು ಬರುವುದಿಲ್ಲವೆಂದೂ ಗೊತ್ತಿತ್ತು. ನೀನು ಬರುತ್ತೀಯೆಂದು ಇವರ ತಾಯಿ ಚಿಕ್ಕತಾಯಮ್ಮನವರ ಹತ್ತಿರ ಹಟ ಹಿಡಿದು ಧಾರೆಯನ್ನು ಅರ್ಧ ಗಂಟೆ ತಡಮಾಡಿಸಿದೆ.

ನೆನಪಿದೆಯಾ, ನನ್ನನ್ನು ಮೊದಲು ಸ್ಕೂಲಿಗೆ ಸೇರಿಸಿದಾಗ? ಹುಡುಗಿ ಅಂತ ನಾನೊಬ್ಬಳೇ. ಅಳುತ್ತೇನೆಂದು ನೀನು ಒಂದು ತಿಂಗಳು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಬಂದು ಕೂತಿರುತ್ತಿದ್ದೆ. ಮಡಿಲಲ್ಲಿ ಅವರೆಕಾಯಿ ತಂದು ಸುಲಿಯುತ್ತಿದ್ದೆ. ನಾನು ಕಿಟಕಿಯಿಂದ ನಿನ್ನ ಸೆರಗು ಕಾಣುತ್ತದೆಯೇ ಎಂದು ನೋಡಿ ನೋಡಿ ಅ ಆ ಇ ಈ ಕಲಿತೆ. ಅಮ್ಮ ಹೇಗಿದ್ದಳೋ ನನಗೆ ಗೊತ್ತಿಲ್ಲ. ಗೊತ್ತಿರುವುದೆಲ್ಲ ನೀನೇ. ಗಂಡನನ್ನು ಕಳೆದುಕೊಂಡು ಬಂದ ಹತ್ತೊಂಬತ್ತರ ಹುಡುಗಿಯ ಸೊಂಟಕ್ಕೆ ನಾಲ್ಕು ವರ್ಷದ ನಾನು ಗಂಟುಬಿದ್ದೆ. ಅದು ನಿನಗೆ ಹೊರೆಯೆಂದು ಒಂದು ದಿನವೂ ನೀನು ತೋರಿಸಿರಲಿಲ್ಲ.

ನಾನು ಹೋದ ಮೇಲೆ ನಿನಗೆ ಏಕಾಂತ ಸಿಕ್ಕಿತೆಂದು ಬರೆಸಿದ್ದೀಯೆ. ಹದಿನೆಂಟು ವರ್ಷ ನನ್ನ ದೆಸೆಯಿಂದ ಸಿಗದೇ ಹೋದದ್ದು ಈಗಲಾದರೂ ಸಿಕ್ಕಿತಲ್ಲ, ಸಂತೋಷ. ಇನ್ನು ಅದಕ್ಕೆ ನಾನು ಭಂಗ ತರುವುದಿಲ್ಲ.

ಸುವರ್ಣ


(ಕಾರ್ಡು)
ಯಳಂದೂರು
9–11–1960

ಅಕ್ಕನವರಿಗೆ ದೇವಣ್ಣನ ನಮಸ್ಕಾರಗಳು.

ಗಂಡು ಮಗು ಹುಟ್ಟಿ ಮೂರನೇ ದಿನ ತೀರಿಕೊಂಡಿತು. ಇಂದಿಗೆ ಐದು ದಿನವಾಯಿತು. ನಿಮಗೆ ತಿಳಿಸಬೇಡಿ ಎಂದು ಸುವರ್ಣ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಅವಳು ಅನ್ನ ಮುಟ್ಟುತ್ತಿಲ್ಲ.

ದೇವಣ್ಣ


ಹೂಗ್ಯಂ
16–11–1960

ಮಹಾರಾಜಶ್ರೀ ದೇವಣ್ಣನವರಿಗೆ ದೊಡ್ಡಬಸಮ್ಮನ ವಂದನೆಗಳು.

ತಮ್ಮ ಪತ್ರದಿಂದ ಶಿಶುವಿನ ದೈವಾಧೀನವಾರ್ತೆಯನ್ನು ತಿಳಿದು ವಿಷಾದವಾಯಿತು. ವಿಧಿನಿಯಮವನ್ನು ಮೀರಲು ಯಾರಿಂದಲೂ ಅಸಾಧ್ಯ. ಚಿ।। ಸುವರ್ಣಮ್ಮನು ಧೈರ್ಯ ತಂದುಕೊಳ್ಳತಕ್ಕದ್ದು. ತಮ್ಮ ಅನುಮತಿ ದೊರೆತಲ್ಲಿ ನಾನು ಅಲ್ಲಿಗೆ ಬರಲು ಯಾವ ಅಭ್ಯಂತರವೂ ಇರುವುದಿಲ್ಲ.

ಇಂತು,
ದೊಡ್ಡಬಸಮ್ಮ
(ಬರೆದವರು: ಸದಾಶಿವಪ್ಪ, ಉಪಾಧ್ಯಾಯರು)


ಹೂಗ್ಯಂ
17–2–1963

ಮಾನ್ಯ ಸೋದರಿ ಸುವರ್ಣಮ್ಮನವರಿಗೆ ಸದಾಶಿವಪ್ಪನ ನಮಸ್ಕಾರ.

ಈ ಕಾಗದವನ್ನು ನಿಮ್ಮ ಅಕ್ಕನವರು ಹೇಳಿ ಬರೆಸುತ್ತಿಲ್ಲ. ನಾನೇ ಬರೆಯುತ್ತಿದ್ದೇನೆ. ಅವರಿಗೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಆದರೆ ಪೂರ್ತಿ ಓದಿ.

ಡಿಸೆಂಬರಿನಲ್ಲಿ ನನ್ನ ಹೆಂಡತಿ ನಾಗಮಲ್ಲಮ್ಮ ತೀರಿಕೊಂಡಳು. ಒಂಬತ್ತು ದಿನದ ಜ್ವರ. ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಸಂಜೆ ಶಾಲೆ ಮುಗಿಸಿ ಬಂದು ಬಾಗಿಲು ತಳ್ಳಿದೆ. ಒಲೆ ತಣ್ಣಗಿತ್ತು. ಅವಳ ಮೊರ ಗೋಡೆಗೆ ಒರಗಿತ್ತು. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು ನನಗೆ ನಾನೇ ಅಂದುಕೊಂಡೆ: “ಮನೆ ಬಿಕೋ ಅಂತದಲ್ಲಪ್ಪ.”

ಆ ಮಾತು ಬಾಯಿಂದ ಹೊರಟ ಕೂಡಲೇ ಅದನ್ನು ಯಾರ ಬಾಯಲ್ಲಿ ಕೇಳಿದ್ದೆ, ಕೇಳಿ ನಾನೇನು ಮಾಡಿದ್ದೆ ಎಂಬುದು ನೆನಪಾಯಿತು.

ನಿಮ್ಮ ಮದುವೆಯಾದ ಮೇಲೆ ಅಕ್ಕನವರು ನನ್ನ ಕೈಲಿ ಕಾಗದ ಬರೆಸಲು ಬಂದಿದ್ದರು. ಶಾಲೆಯ ಜಗಲಿಯ ಮೇಲೆ ಕೂತು ಅವರು ಹೇಳಿದ್ದು ಇದು. ಈಗಲೂ ನನ್ನ ಕಿವಿಯಲ್ಲಿದೆ.

“ಬರೀರಿ ಮೇಷ್ಟ್ರೇ. ಸುವರ್ಣಿ, ನೀ ವೋದ್ಮೇಲ ಮನ ಬಿಕೋ ಅಂತದ ಕಣವ್ವ. ಮದ್ವಗ ಬರಕ ಅಂತ ಸೀರ ಉಟ್ಕಂಡು ಈಚ್ಗ ಬಂದ್ರ, ಚಿಕ್ಕಪ್ಪ ಬಾಗ್ಲಲ್ಲಿ ಅಡ್ಡ ಕುಂತ್ಕಬುಟ್ಟ. ದಾಟ್ಕಂಡ್ ಬರಕ ನಂಗ ಧೈರ್ಯ ಬರ್ನಿಲ್ಲ. ನಿನ್ಗ ಮೊಕ ತೋರ್ಸಕ ಆಯ್ತಿಲ್ಲ. ಅಸ ಈದದ, ಗಿಣ್ಣ ಮಾಡುದ್ರ ತಿನ್ನೋರೇ ಇಲ್ಲ.”

ಇಷ್ಟು ಮಾತನ್ನು ನಾನು ‘ಕಾರಣಾಂತರ’ ಎಂದೂ ‘ಏಕಾಂತ’ ಎಂದೂ ಮಾಡಿದೆ.

ಯಾಕೆ ಮಾಡಿದೆನೆಂದು ಹೇಳದಿದ್ದರೆ ನಿಮಗೆ ನಾನು ಕೆಟ್ಟವನಂತೆ ಕಾಣುತ್ತೇನೆ. ಹೇಳಿದರೆ ಮೂರ್ಖನಂತೆ ಕಾಣುತ್ತೇನೆ. ಮೂರ್ಖನಂತೆ ಕಂಡರೆ ಪರವಾಗಿಲ್ಲ. ನಮ್ಮ ತಾಲ್ಲೂಕು ಮದ್ರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ ಶಾಲೆಯ ತನಿಖೆಗೆ ಹೊಸ ಸಾಹೇಬರೊಬ್ಬರು ಬಂದರು. ನನ್ನ ವರದಿಯಲ್ಲಿ ‘ಬಿತ್ತನೆಯ ಕಾಲದಲ್ಲಿ ಮಕ್ಕಳೆಲ್ಲ ಹೊಲಕ್ಕೆ ಹೋಗಿ ಶಾಲೆ ಬಿಕೋ ಎನ್ನುತ್ತದೆ’ ಎಂದು ಬರೆದಿದ್ದೆ. ಅವರು ಕೆಂಪು ಶಾಯಿಯಲ್ಲಿ ಆ ಮಾತಿಗೆ ಗೆರೆ ಎಳೆದು ಪಕ್ಕದಲ್ಲಿ ‘ಗ್ರಾಮ್ಯ’ ಎಂದು ಬರೆದರು. “ಆ ಕಡೆಯವರಿಗೆ ಕನ್ನಡ ಸರಿಯಾಗಿ ಬರೋಲ್ಲ, ಪಾಪ” ಎಂದು ಜೊತೆಯವರಿಗೆ ಹೇಳಿದ್ದು ನನಗೂ ಕೇಳಿಸಿತು. ಅಂದಿನಿಂದ ನಾನು ಕಾಗದದ ಮೇಲೆ ನಮ್ಮ ಊರಿನ ಒಂದು ಮಾತನ್ನೂ ಇಳಿಸಲಿಲ್ಲ. ಕೊಳ್ಳೇಗಾಲದಿಂದ ಒಂದು ನಿಘಂಟು ತಂದಿಟ್ಟುಕೊಂಡೆ. ನಿಮ್ಮ ಅಕ್ಕನವರು ಎದುರಿಗೆ ಕಣ್ಣು ಒರೆಸಿಕೊಳ್ಳುತ್ತಾ ಕೂತಿದ್ದಾಗ ನಾನು ಆ ಪುಸ್ತಕದ ಹಾಳೆ ತಿರುವುತ್ತಿದ್ದೆ. ‘ಒಂಟಿತನ’ ಎಂದು ಬರೆದರೆ ದೀನವಾಗಿ ಕಾಣುತ್ತದೆ ಎನ್ನಿಸಿತು. ಯಳಂದೂರಿನಲ್ಲಿ ಮೇಡಂ ಆಗಿರುವವರು ಓದುವ ಕಾಗದ, ಗೌರವವಾಗಿರಲಿ ಎಂದು ‘ಏಕಾಂತ’ ಹಾಕಿದೆ. ಆಗ ನನಗೆ ಹೆಮ್ಮೆಯಾಯಿತು. ನಿಜ ಹೇಳುತ್ತಿದ್ದೇನೆ. ನಿಮ್ಮ ಉತ್ತರ ಬಂದಾಗ ಅದು ಮದುವೆಗೆ ಬಾರದ ಸಿಟ್ಟೆಂದು ತಿಳಿದು, ಕೊನೆಯ ಸಾಲುಗಳನ್ನು ಅವರಿಗೆ ಓದಿ ಹೇಳದೆ ಬಿಟ್ಟೆ.

ಈ ಎರಡು ತಿಂಗಳು ಆ ಮಾತನ್ನೇ ತಿರುಗಾಮುರುಗಾ ಯೋಚಿಸಿದ್ದೇನೆ. ಏಕಾಂತ ನಾವು ಹುಡುಕಿಕೊಂಡು ಹೋಗುವುದು. ಜಪಕ್ಕೆ ಕೂರುವವನಿಗೆ ಅದು ಬೇಕು. ಬಿಕೋ ಅನ್ನುವುದು ಯಾರಿಗೂ ಬೇಡ. ಇನ್ನೊಂದು ನೋಡಿ. ‘ನಾನು ಬಿಕೋ ಅಂತೀನಿ’ ಎಂದು ನಮ್ಮಲ್ಲಿ ಒಬ್ಬರೂ ಹೇಳುವುದಿಲ್ಲ. ಮನೆ ಬಿಕೋ ಅಂತದೆ, ಸಂತೆಮಾಳ ಬಿಕೋ ಅಂತದೆ, ಸುಗ್ಗಿ ಮುಗಿದ ಕಣ ಬಿಕೋ ಅಂತದೆ. ತನ್ನ ಸಂಕಟವನ್ನು ತನ್ನದೆಂದು ಹೇಳಿಕೊಳ್ಳಲು ನಾಚುವವರು ಮನೆಯ ಬಾಯಿಂದ ಹೇಳಿಸುತ್ತಾರೆ. ನಿಮ್ಮ ಅಕ್ಕನವರು ಹಾಗೆ ಹೇಳಿಸಿದ್ದರು. ನಾನು ಮನೆಯ ಬಾಯನ್ನೂ ಮುಚ್ಚಿದೆ.

ಎರಡನೆಯ ಕಾಗದದಲ್ಲೂ ಹಾಗೆಯೇ. ಮಗು ಹೋದ ಸುದ್ದಿಯ ಕಾರ್ಡನ್ನು ಓದಿ ಹೇಳಿದಾಗ ಅವರು ಹೇಳಿದ್ದು ಎರಡೇ ಮಾತು: “ನಾ ಬರ್ಲಾ ಕೂಸೇ? ಬರ್ಬೇಡ ಅನ್ಬೇಡ ಕಣವ್ವ.” ನಾನು ಅಭ್ಯಂತರವಿಲ್ಲ ಎಂದು ಬರೆದೆ. ನಿಮ್ಮಿಂದ ಉತ್ತರ ಬರಲಿಲ್ಲ. ಅವರು ಮೂರು ತಿಂಗಳು ಟಪಾಲಿನವನ ದಾರಿ ಕಾದು ಆಮೇಲೆ ಕೇಳುವುದನ್ನು ಬಿಟ್ಟರು.

ನಿನ್ನೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೈ ನಿಂತಿತು.

“ಅಂಗಾರ ನನ್ ಕೂಸು ನಾಕ್ ವರ್ಸ ಕ್ವಾಪ ಮಾಡ್ಕಂಡಿದ್ದುದು ನಾ ಅನ್ದೇ ಇರೋ ಮಾತ್ಗಾ ಮೇಷ್ಟ್ರೇ?”

“ಹೌದಮ್ಮ” ಅಂದೆ.

ಬೈಯಲಿ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಮೊರ ಪಕ್ಕಕ್ಕಿಟ್ಟು ನನ್ನ ಮುಖ ನೋಡಿ, “ನಿಮ್ಮನಲಿ ಒಲ ಅಚ್ಚೋರು ಯಾರವ್ರ ಈಗ? ಉಂಡ್ರಾ?” ಎಂದು ಕೇಳಿದರು. ಮುದ್ದೆ ಇಕ್ಕಿದರು. ಅದನ್ನು ಉಣ್ಣುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮ್ಮ ಅಕ್ಕನವರಿಗೆ ಒಂದು ಸಾಲು ಬರೆಯಿರಿ. ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ.

ಸದಾಶಿವಪ್ಪ


ಯಳಂದೂರು
3–3–1963

ಮೇಷ್ಟ್ರಿಗೆ ಸುವರ್ಣಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಮೊದಲ ದಿನ ಅದನ್ನು ಹರಿದುಹಾಕಬೇಕು ಎನ್ನಿಸುವಷ್ಟು ಸಿಟ್ಟು ಬಂತು. ಇವರು ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟರು.

ನಿಮಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ಮಗು ಹೋದಾಗ ನಮ್ಮ ಅತ್ತೆಯವರು ಕೊಳ್ಳೇಗಾಲದಿಂದ ಬಂದು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೂ ಬಾಣಂತಿಯ ಎದೆಹಾಲು ಕಟ್ಟಿ ನೋಯುವಾಗ, ಕುಡಿಯಲು ಕೂಸು ಇಲ್ಲದಾಗ, ಹೆಂಗಸು ಕೂಗುವುದು ತನ್ನವರನ್ನೇ. ‘ಬರಲು ಅಭ್ಯಂತರವಿಲ್ಲ’ ಎಂಬ ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಗೋಡೆಯ ಕಡೆ ತಿರುಗಿ ಮಲಗಿದವಳು ಉತ್ತರ ಬರೆಯಲೇ ಇಲ್ಲ.

ಸಿಟ್ಟು ಇಳಿದ ಮೇಲೆ ತಿಳಿಯಿತು, ತಪ್ಪು ನಿಮ್ಮೊಬ್ಬರದೇ ಅಲ್ಲ. ನಮ್ಮಕ್ಕನ ಬಾಯಲ್ಲಿ ‘ನಿರ್ಗಮನ’ ಎಂಬ ಮಾತು ಹುಟ್ಟಿದಂದಿನಿಂದ ಬಂದಿಲ್ಲ. ಅವಳು ಬರೆಸಿದ್ದು ಹಾಗಿರಲಾರದು ಎಂದು ಓದಿದ ಮೊದಲ ಸಲವೇ ನನಗೆ ಹೊಳೆಯಬೇಕಿತ್ತು. ಹದಿನೆಂಟು ವರ್ಷ ಅವಳ ಮಾತು ಕೇಳಿ ಬೆಳೆದ ನಾನು, ಎರಡು ಸಾಲು ಅಚ್ಚುಕಟ್ಟಾದ ಅಕ್ಷರವನ್ನು ನಂಬಿದೆ. ಓದು ಕಲಿತವಳು ನಾನಲ್ಲವೇ?

ಇನ್ನೊಂದು ಮಾತು. ನಿಮ್ಮ ಕಾಗದ ಓದಿದ ಮರುದಿನ ನಾಲ್ಕನೇ ತರಗತಿಯ ಪುಸ್ತಕಗಳನ್ನು ತಿದ್ದಲು ಕೂತೆ. ಒಬ್ಬಳು ‘ನಮ್ಮಜ್ಜಿ ಸತ್ತೋದ ಮೇಲೆ ಜಗಲಿ ಬಣಬಣ ಅಂತದೆ’ ಎಂದು ಬರೆದಿದ್ದಳು. ಕೆಂಪು ಶಾಯಿ ನನ್ನ ಕೈಯಲ್ಲೇ ಇತ್ತು. ಹಾಗೇ ಬಿಟ್ಟೆ. ಇಷ್ಟು ವರ್ಷ ಎಷ್ಟಕ್ಕೆ ಗೆರೆ ಎಳೆದಿದ್ದೇನೋ.

ನಾನು ಈಗ ಆರು ತಿಂಗಳ ಬಸುರಿ. ಹಿಂದೆ ಹಾಗಾದದ್ದರಿಂದ ಬಸ್ಸು ಹತ್ತಕೂಡದೆಂದು ಡಾಕ್ಟರು ಹೇಳಿದ್ದಾರೆ. ಇಲ್ಲದಿದ್ದರೆ ಕಾಗದ ಬರೆಯುತ್ತಾ ಕೂರುತ್ತಿರಲಿಲ್ಲ. ಜೊತೆಯಲ್ಲಿ ಅಕ್ಕನಿಗೆ ಒಂದು ಚೀಟಿ ಇದೆ. ಓದಿ ಹೇಳಿ.

ನಿಮ್ಮ ಮನೆಯವರ ವಿಷಯ ತಿಳಿದು ಸಂಕಟವಾಯಿತು. ಒಂದು ದಸರಾ ರಜೆಯಲ್ಲಿ ಊರಿಗೆ ಬಂದಾಗ ನನ್ನ ಜಡೆಗೆ ಕನಕಾಂಬರ ಮುಡಿಸಿದ್ದರು.

ಸುವರ್ಣಮ್ಮ

(ಜೊತೆಯ ಚೀಟಿ)

ಅಕ್ಕಯ್ಯ,

ಎರಡು ವರ್ಷದ ಹಿಂದೆ ನೀನು ಕೇಳಿದ್ದಕ್ಕೆ ಈಗ ಉತ್ತರ ಬರೀತಾ ಇದೀನಿ. ಬಾ. ನನಗೆ ಹೆದರಿಕೆ ಆಗ್ತದೆ. ನೀನು ಬಂದು ಜಗಲಿ ಮೇಲೆ ಸುಮ್ಮನೆ ಕೂತಿದ್ರೂ ಸಾಕು.

ನಿನ್ನ ಸುವರ್ಣಿ


ಹೂಗ್ಯಂ
14–3–1963

(ದೊಡ್ಡಬಸಮ್ಮನವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. — ಸದಾಶಿವಪ್ಪ)

ಸುವರ್ಣಿ, ಬತ್ತಾ ಇವ್ನಿ ಕಣವ್ವ. ಸೋಮಾರದ ಬಸ್ಗ ಬತ್ತೀನಿ. ನೀ ಭಾರ ಎತ್ಬೇಡ. ನೀರ್ ಸೇದ್ಬೇಡ. ಮೇಷ್ಟ್ರು ಓದುದ್ರು, ನಾ ಮೂರ್ ಸಲ ಓದಿಸ್ದಿ. ಜಗುಲಿ ಮೇಲ ಸುಮ್ಗ ಕುಂತಿರಕ ನಂಗ ಬರದಿಲ್ಲ, ಏನಾರ ಕೆಲ್ಸ ಇಟ್ಟಿರು. ನಿಮ್ಮತ್ತಮ್ಮುಂಗ ಯೋಳು, ನಂಗ ರೇಶ್ಮ ಸೀರ ಗೀರ ಗೊತ್ತಿಲ್ಲ, ಆದ್ರ ಕೂಸ್ಗ ನೀರ್ ಉಯ್ಯದು ಗೊತ್ತು ಅಂತ. ಇನ್ನೇನ್ ಯೋಳನ? ಬತ್ತೀನಲ್ಲ, ಅಲ್ಲೇ ಯೋಳ್ತೀನಿ.

ದೊಡ್ಡಬಸಮ್ಮ

ಮೇಲಿನದನ್ನು ಬರೆದು ಮೂರು ದಿನ ನನ್ನ ಹತ್ತಿರವೇ ಇಟ್ಟುಕೊಂಡೆ, ಸೋದರಿ. ಪುಟ್ಟಮಾದಪ್ಪನವರು ಬಿಡುತ್ತಾರೋ ಇಲ್ಲವೋ ನೋಡಿ ಕಳಿಸೋಣ, ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದುಕೊಂಡೆ. ಇಂದು ಬೆಳಗ್ಗೆ ಅವರು ಅಕ್ಕನವರ ಬಾಗಿಲಿಗೆ ಬಂದೇ ಬಂದರು. ಅಕ್ಕಪಕ್ಕದವರೂ ಸೇರಿದರು. ನಾನೂ ಇದ್ದೆ.

“ನೇಯ್ಗಾರ್ ಮನಗ ವೋದ್ರ ಈ ಮನ ಬಾಗ್ಲು ಮುಚ್ದಂಗಯಾ, ತಿಳ್ಕ” ಎಂದರು.

ಅಕ್ಕನವರು ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದರು. ಅವರ ಅಂಗೈ ಮೇಲಿಟ್ಟರು. “ಮುಚ್ಕ ಚಿಕ್ಕಪ್ಪ. ನಾಕ್ ವರ್ಸದಿಂದ ತಗ್ದಿದ್ದೂ ಒಂದೇ, ಮುಚ್ಚುದ್ದೂ ಒಂದೇ. ಅಸಿನ್ಗ ಮಾತ್ರ ಒತ್ಗ ನೀರ್ ಮಡುಗು.”

ಅವರು ಬೀಗದ ಕೈ ಹಿಡಿದು ಹೊರಟುಹೋದರು. ಕಾಗದ ಕಳಿಸುತ್ತಿದ್ದೇನೆ. ಅಕ್ಕನವರನ್ನು ಹನೂರಿನವರೆಗೂ ನಾನೇ ಕರೆದುಕೊಂಡು ಹೋಗಿ ಬಸ್ಸು ಹತ್ತಿಸುತ್ತೇನೆ.

ಸದಾಶಿವಪ್ಪ


ಯಳಂದೂರು
8–9–1963

ಮೇಷ್ಟ್ರಿಗೆ ಸುವರ್ಣಮ್ಮನ ನಮಸ್ಕಾರಗಳು.

ಜೂನಿನಲ್ಲಿ ಹೆಣ್ಣು ಮಗುವಾದ ವಿಷಯ ಇವರು ಕಾರ್ಡು ಬರೆದು ತಿಳಿಸಿದ್ದರು. ಮೂರನೇ ದಿನ ಬೆಳಗಿನಿಂದ ಸಂಜೆಯವರೆಗೆ ಅಕ್ಕ ಕೂಸನ್ನು ಕೆಳಗಿಡಲಿಲ್ಲ. ನನಗೂ ಕೊಡಲಿಲ್ಲ, ಹಾಲು ಕುಡಿಸುವಾಗ ಮಾತ್ರ ಕೊಟ್ಟಳು. ಸಂಜೆ ದೀಪ ಹಚ್ಚಿದ ಮೇಲೆ, “ಇನ್ನೇನಿಲ್ಲ ಬುಡು” ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಯವರ ಹೆಗಲ ಮೇಲೆ ತಲೆಯಿಟ್ಟು ಅತ್ತಳಂತೆ. ಅವರಿಬ್ಬರೂ ಕೂಸಿನ ತಲೆಗೆ ಹರಳೆಣ್ಣೆಯೋ ಕೊಬ್ಬರಿಯೆಣ್ಣೆಯೋ ಎಂದು ದಿನಾ ಜಗಳವಾಡುತ್ತಾರೆ. ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುವುದಿಲ್ಲ.

ಒಂದು ದಿನ ನಾನು ಅವಳನ್ನು ಕೇಳಿದೆ: “ನಾಲ್ಕು ವರ್ಷ ಒಬ್ಬಳೇ ಹೇಗಿದ್ದೆ ಅಕ್ಕಯ್ಯ?” ಅವಳು ಯೋಚಿಸಿ, “ಎಂಗಿದ್ನೋ. ರಾಗಿ ಬೀಸವಾಗ ನಿಂಜೊತ ಮಾತಾಡ್ತಿದ್ದಿ” ಎಂದಳು. ಇಲ್ಲಿ ನಾನು ಅಷ್ಟೂ ವರ್ಷ ಅಕ್ಕಿ ಆರಿಸುವಾಗ ಅವಳೊಡನೆ ಜಗಳವಾಡುತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಮುಂದಿನದು ಅಕ್ಕ ಹೇಳುತ್ತಿದ್ದಾಳೆ. ನಾನು ಬರೀ ಬರೆಯುವವಳು.

ಮೇಷ್ಟ್ರೇ, ನಾ ದೊಡ್ಡಬಸಮ್ಮ. ಚಂದಾಗಿವ್ರಾ? ಮೊನ್ನ ಇಲ್ಲಿನ್ ಸಂತಗ ಊರಿಂದ ಬಂದಿದ್ದೋರು ಯೋಳುದ್ರು, ನೀವ್ ಒಂದೊತ್ತು ಬೇಯ್ಸ್ಕಂಡು ಎರಡೊತ್ತೂ ಅದನ್ನೇ ಉಣ್ತೀರಂತ. ಅಂಗ್ ಮಾಡ್ಬೇಡಿ. ಪಕ್ಕದ್ ಮನ ಚನ್ನಮಲ್ಲಮ್ಮುಂಗ ಯೋಳಿ ಕಳ್ಸಿವ್ನಿ, ರಾತ್ರ ಮುದ್ದಗ ಅಲ್ಲಿಗೆ ಓಗಿ. ನಾಚ್ಕಬೇಡಿ. ನಾ ಬಂದ್ಮೇಲ ನಮ್ಮನಲೇ ಉಣ್ಣಿ.

ಬರೋ ಭಾನ್ವಾರ ನಾವ್ ಮೂರೂ ಜನ ಬತ್ತಾ ಇವಿ. ದೇವಣ್ಣಪ್ಪಾರು ರಾಮಾಪುರದ್ಗಂಟ ಬಂದು ಬುಟ್ಟೋಯ್ತರ. ಚಿಕ್ಕಪ್ಪುಂಗೂ ಯೋಳಿ, ಬೀಗದ್ ಕೈಯ ನಿಮ್ ಕೈಗ ಕೊಡ್ಲಿ, ಕೂಸ ಬಂದ್ ನೋಡದಾರ ನೋಡ್ಲಿ, ಇಲ್ದಿದ್ರ ಬುಡ್ಲಿ. ಎರಡ್ ತಿಂಗ್ಳು ಕೂಸು ನಮ್ಮನಲೇ ಇರ್ತಳ. ಹೆಸ್ರು ಇನ್ನೂ ಕಟ್ಟಿಲ್ಲ. ಏನ್ ಕಟ್ಟದು ಅಂತ ನೀವೇ ಯೋಳಿ. ಕರಿಯಕ ಸಲೀಸಾಗಿರ್ಬೇಕು, ಒಲ್ದಲ್ ನಿಂತು ಕೂಗುದ್ರೂ ಕೇಳ್ಬೇಕು. ನಿಮ್ ಪುಸ್ತ್ಕದ್ ಹೆಸ್ರು ಬೇಡ.

ರಾಮಾಪುರಕ್ಕ ಗಾಡಿ ಕಟ್ಟಿಸ್ಕಂಡ್ ನೀವೇ ಬನ್ನಿ. ಉಲ್ಲ ದಪ್ಪಾಗಿ ಆಸಿ, ಮೇಲ ಒಂದ್ ಕಂಬ್ಳಿ ಹಾಕ್ಸಿ. ದಾರಿ ಸರಿಯಿಲ್ಲ, ಕೂಸು ಎದ್ಬುಟ್ಟಳು.

ಹೇಳಿದವಳು: ದೊಡ್ಡಬಸಮ್ಮ
ಬರೆದವಳು: ಸುವರ್ಣಿ